ಪ್ಲೇಸ್ಟೇಷನ್–ಎಕ್ಸ್‌ಬಾಕ್ಸ್ ಜಗಳ ಮನೆಯೊಳಗೆ ಬಂದಿದೆ: ಕಂಪನಿಗಳ ಮೇಲಿನ ಈ ಅಭಿಮಾನದಿಂದ ಯಾರಿಗೆ ಲಾಭ?

ಅಕ್ಕೋರು (ಕಲಬುರಗಿ) ಕೇಳಿದ ಪ್ರಶ್ನೆ:

ಎಲ್ಲರಿಗೂ ಶರಣು. ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮದು ಕೂಡು ಕುಟುಂಬ. ಮೈದುನನ ಮಗನ ಬಳಿ ಮೊದಲಿನಿಂದಲೂ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇತ್ತು; ಅದು ಟಿ.ವಿ.ಗೆ ಜೋಡಿಸಿ ವಿಡಿಯೊ ಗೇಮ್ ಆಡುವ, ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ಯಂತ್ರ. ಕಳೆದ ದೀಪಾವಳಿಗೆ ನನ್ನ ಮಗನಿಗೆ ಅವನ ಸೋದರಮಾವ ಹೈದರಾಬಾದಿನಿಂದ ಅಂಥದ್ದೇ ಇನ್ನೊಂದು ಯಂತ್ರ, ಜಪಾನಿನ ಸೋನಿ ಕಂಪನಿಯ ಪ್ಲೇಸ್ಟೇಷನ್ 5 ತಂದುಕೊಟ್ಟ. ಅಂದಿನಿಂದ ಒಂದೇ ತಾಟಿನಲ್ಲಿ ಉಂಡು ಬೆಳೆದ ಈ ಇಬ್ಬರು ಹುಡುಗರು ಎದುರುಬದುರು ಕೂತರೆ ವಾದವಿಲ್ಲದೆ ಏಳುವುದಿಲ್ಲ. ಒಂದೇ ಆಟ ಎರಡು ಯಂತ್ರಗಳಲ್ಲಿ ಹೇಗೆ ಕಾಣುತ್ತದೆ ಎಂದು ಅಕ್ಕಪಕ್ಕ ತೋರಿಸುವ ಯೂಟ್ಯೂಬ್ ವಿಡಿಯೊವನ್ನು ನಡುವೆ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ, ಮಳೆನೀರು ನಿಂತ ರಸ್ತೆಯಲ್ಲಿ ಅಂಗಡಿಯ ದೀಪದ ಪ್ರತಿಬಿಂಬ ಯಾವುದರಲ್ಲಿ ಹೆಚ್ಚು ಸ್ಪಷ್ಟವಾಗಿದೆ ಎಂದು ಪರೀಕ್ಷಿಸುತ್ತಾರೆ. ಸೋತವನು ಊಟಕ್ಕೂ ಬರುವುದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟೇ: ಜಪಾನಿನ ಮತ್ತು ಅಮೆರಿಕದ ಕಂಪನಿಗಳ ಪೈಪೋಟಿಯನ್ನು ಮಕ್ಕಳು ತಮ್ಮದಾಗಿಸಿಕೊಂಡದ್ದು ಹೇಗೆ? ಈ ಪೈಪೋಟಿಯಿಂದ ಆಡುವವರಿಗೆ ಏನಾದರೂ ಒಳಿತಾಗಿದೆಯೇ?

ಬಿದರಿ ಕುಸುರಿ (ಬೀದರ್):

ಅಕ್ಕೋರೇ, ಇದನ್ನು ಹುಡುಗರ ಹುಡುಗಾಟವೆಂದು ತಳ್ಳಿಹಾಕಬೇಡಿ. ಈ ಅಭಿಮಾನವನ್ನು ಹಣ ಸುರಿದು, ಯೋಚನೆ ಮಾಡಿ ಬೆಳೆಸಲಾಗಿದೆ.

ಇಂಥ ಜಗಳ ಪ್ಲೇಸ್ಟೇಷನ್‌ಗಿಂತಲೂ ಹಳೆಯದು. ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ ಕಂಪನಿ. 1980ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಮನೆಗಳಲ್ಲಿ ವಿಡಿಯೊ ಗೇಮ್ ಎಂದರೆ ನಿಂಟೆಂಡೊ ಎನ್ನುವಂತಾಗಿತ್ತು. 1989ರಲ್ಲಿ ಅಲ್ಲಿ ಜೆನೆಸಿಸ್ ಯಂತ್ರವನ್ನು ಮಾರಲು ಬಂದ ಸೆಗಾ, ಪ್ರತಿಸ್ಪರ್ಧಿಯ ಹೆಸರನ್ನೇ ಹಿಡಿದು ‘ನಿಂಟೆಂಡೊ ಮಾಡಲಾರದ್ದನ್ನು ನಮ್ಮದು ಮಾಡುತ್ತದೆ’ ಎಂಬ ಅರ್ಥದ ಜಾಹೀರಾತು ನೀಡಿತು. 1991ರಲ್ಲಿ ನಿಂಟೆಂಡೊ ಆಟಗಳ ನಾಯಕ ಮಾರಿಯೊಗೆ ಎದುರಾಳಿಯಾಗಿ ಸಾನಿಕ್ ಎಂಬ ನೀಲಿ ಮುಳ್ಳುಹಂದಿಯನ್ನು ನಿಲ್ಲಿಸಿತು. ತಂದೆತಾಯಿ ಕೊಡಿಸುವುದು ಒಂದೇ ಯಂತ್ರ. ಸಿಗದೆ ಹೋದ ಇನ್ನೊಂದನ್ನು ಹಳಿಯುವುದರಿಂದ ಮಗುವಿಗೆ ಸಮಾಧಾನ ಸಿಗುತ್ತದೆ. ಸೆಗಾದ ಜಾಹೀರಾತು ಆ ಸಮಾಧಾನಕ್ಕೆ ಮಾತು ಒದಗಿಸಿತು.

ಸೋನಿ ಈ ಕಣಕ್ಕೆ ಇಳಿದದ್ದು ಅವಮಾನದಿಂದ. ನಿಂಟೆಂಡೊ ಯಂತ್ರಕ್ಕೆ ಸಿ.ಡಿ. ಜೋಡಿಸುವ ಒಪ್ಪಂದವಿದೆ ಎಂದು ನಂಬಿ ಸೋನಿ 1991ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಅದನ್ನು ಪ್ರಕಟಿಸಿದ ಮರುದಿನವೇ, ನಿಂಟೆಂಡೊ ಅದೇ ಕೆಲಸಕ್ಕೆ ಫಿಲಿಪ್ಸ್ ಜೊತೆ ಕೈಜೋಡಿಸಿರುವುದಾಗಿ ಘೋಷಿಸಿತು. ಅಲ್ಲಿಂದ ಕೆನ್ ಕುಟರಗಿ ಎಂಬ ಎಂಜಿನಿಯರ್ ಹಟ ಹಿಡಿದು ರೂಪಿಸಿದ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಮರುವರ್ಷ ಅಮೆರಿಕದಲ್ಲಿ ಸೆಗಾ ತನ್ನ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಬೆಲೆ ಹೇಳಿದ ದಿನವೇ ಸೋನಿಯ ಪ್ರತಿನಿಧಿ ವೇದಿಕೆ ಏರಿ ‘299’ ಎಂಬ ಸಂಖ್ಯೆಯನ್ನಷ್ಟೇ ಹೇಳಿ ಇಳಿದರು. ಆಡುವವರಿಗೆ ಪೈಪೋಟಿಯಿಂದ ಆದ ನೇರ ಲಾಭ ಅದು. ಬೆಲೆ ನೋಡಿ ಯಂತ್ರ ಬದಲಿಸಲು ಸಿದ್ಧರಿದ್ದವರಿಗೆ ಮಾತ್ರ ಅದು ದಕ್ಕಿತು.

ಮುಂದಿನದನ್ನು ತಮ್ಮ ಹುಡುಗರಿಗೆ ತಪ್ಪದೆ ಹೇಳಿ. ಸೆಗಾ 2001ರಲ್ಲಿ ಯಂತ್ರ ತಯಾರಿಕೆಯನ್ನೇ ಕೈಬಿಟ್ಟಿತು. ಸಾನಿಕ್ ನಿಂಟೆಂಡೊ ಯಂತ್ರಗಳಿಗೇ ಬಂದ. 2007ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಕುರಿತ ಆಟದ ಡಬ್ಬಿಯ ಮೇಲೆ ಮಾರಿಯೊ ಮತ್ತು ಸಾನಿಕ್ ಜೊತೆಯಾಗಿ ನಿಂತರು. ಇವರಿಬ್ಬರ ಹೆಸರಿನಲ್ಲಿ ಗೆಳೆತನ ಕಡಿದುಕೊಂಡವರನ್ನು ಯಾವ ಕಂಪನಿಯೂ ಕೇಳಲಿಲ್ಲ.

ಶಹಾಪುರ ಬೆಟ್ಟ (ಯಾದಗಿರಿ ಜಿಲ್ಲೆ):

ಬೀದರಿನ ಸರ್ ಹೇಳಿದ ಇತಿಹಾಸ ಸರಿಯಾಗಿದೆ, ಆದರೆ ಅದು ನಮ್ಮ ಭಾಗದ್ದಲ್ಲ. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲೋ ಬಜಾರಿನಲ್ಲೋ ಕೊಂಡ ‘ಟಿ.ವಿ. ಗೇಮ್’ಗೆ ಹೆಸರಿದ್ದರೂ ಅದನ್ನು ಯಾರೂ ಓದುತ್ತಿರಲಿಲ್ಲ. ಹಳದಿ ಕ್ಯಾಸೆಟ್‌ನ ತುದಿಯನ್ನು ಊದಿ, ತುರುಕಿ, ಟಿ.ವಿ.ಯ ಚಾನೆಲ್ ತಿರುಗಿಸುತ್ತಾ ಚಿತ್ರ ಬರುವವರೆಗೆ ಕಾಯುತ್ತಿದ್ದೆವು. ಅದು ನಿಂಟೆಂಡೊ ಯಂತ್ರದ ನಕಲು, ಒಳಗಿದ್ದ ಮಾರಿಯೊ ನಿಂಟೆಂಡೊದವನು ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ತಯಾರಕರ ಪರಿಚಯವೇ ಇಲ್ಲದೆ ನಾವು ಆಟವನ್ನು ಮನಸಾರೆ ಪ್ರೀತಿಸಿದೆವು. ಹಾಗಾಗಿ ಇಂದಿನ ಹುಡುಗರ ಕಂಪನಿ ಅಭಿಮಾನ ಆಟದಿಂದ ಹುಟ್ಟಿದ್ದಲ್ಲ, ಇಂಟರ್‌ನೆಟ್ಟಿನ ವಾದಗಳಿಂದ ಬಂದದ್ದು ಎಂದೇ ನನಗೆ ತೋರುತ್ತದೆ.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ‘ಬದಲಿಸಲು ಸಿದ್ಧರಿದ್ದವರು’ ಎಂದರು, ಬದಲಿಸುವುದು ಸುಲಭವೇ? ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗಲೇ ಡಿಸ್ಕ್ ಇರುವ ಮಾದರಿಯ ಬೆಲೆ 49,990 ರೂಪಾಯಿ, ಮರುವರ್ಷ ಅದು 54,990 ಆಯಿತು. ಅದರ ಮೇಲೆ ಕೊಂಡ ಆಟಗಳೆಲ್ಲ ಆ ಕಂಪನಿಯ ಖಾತೆಯಲ್ಲೇ ಉಳಿಯುತ್ತವೆ. ಇನ್ನೊಂದು ಯಂತ್ರಕ್ಕೆ ಹೋದರೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ಹೊರಹೋಗುವ ದಾರಿಯೇ ಇಷ್ಟು ದುಬಾರಿಯಾದ ಮೇಲೆ, ಇರುವ ಮನೆಯೇ ಚೆಂದ ಎಂದು ಹುಡುಗ ವಾದಿಸುವುದು ಸಹಜ. ಅವನನ್ನು ದೂರುವ ಮೊದಲು ಆ ಬೀಗವನ್ನು ನೋಡಬೇಕು.

ಸ್ಟೇಷನ್ ಬಜಾರ್ (ಕಲಬುರಗಿ):

ನಾನು ಕನ್ಸೋಲ್, ಅಂದರೆ ಈ ಗೇಮ್ ಯಂತ್ರಗಳ ರಿಪೇರಿ ಮಾಡುವವನು, ಹಳೆಯ ಡಿಸ್ಕ್‌ಗಳನ್ನೂ ಕೊಂಡು ಮಾರುತ್ತೇನೆ. ದಾಲ್ ಮಿಲ್‌ಗಳ ಕಡೆಯ ಮನೆಗಳಿಂದ ಬಂದ ಯಂತ್ರವನ್ನು ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಮೇಲೆ ತೊಗರಿ ಹೊಟ್ಟಿನ ಧೂಳು ಪದರುಪದರಾಗಿ ಕೂತಿರುತ್ತದೆ. ಬೇಸಿಗೆಯಲ್ಲಿ ಅದರಿಂದಲೇ ಯಂತ್ರ ಕಾದು ತಾನಾಗಿಯೇ ನಿಂತುಬಿಡುತ್ತದೆ. ಇದರಲ್ಲಿ ಎರಡು ಕಂಪನಿಗಳಿಗೂ ಭೇದವಿಲ್ಲ. ಇನ್ನೂ ಒಳಗೆ ಹೋದರೆ ಪ್ಲೇಸ್ಟೇಷನ್ 5ರಲ್ಲಿ ಚಿಪ್ಪಿನ ಶಾಖ ಎಳೆಯಲು ದ್ರವ ಲೋಹ ಬಳಸಿದ್ದಾರೆ, ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಆದರೆ ಆ ಲೋಹದ ಕೆಳಗಿರುವ ಮುಖ್ಯ ಚಿಪ್ಪು ಎ.ಎಂ.ಡಿ. ಕಂಪನಿಯದು, ಎಕ್ಸ್‌ಬಾಕ್ಸ್‌ನಲ್ಲಿರುವುದೂ ಎ.ಎಂ.ಡಿ.ಯದೇ, ಅದೇ ಪೀಳಿಗೆಯದೇ. ಅಕ್ಕೋರ ಮನೆಯ ಹುಡುಗರು ಒಂದೇ ಕಂಪನಿಯ ಎರಡು ಚಿಪ್ಪುಗಳ ಪರವಾಗಿ ಊಟ ಬಿಡುತ್ತಿದ್ದಾರೆ.

ಅಭಿಮಾನ ಏಕೆ ಅಪಾಯಕರ ಎನ್ನುವುದಕ್ಕೆ 2013ಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಆ ವರ್ಷ ಎಕ್ಸ್‌ಬಾಕ್ಸ್ ಒನ್ ಘೋಷಿಸಿದ ಮೈಕ್ರೋಸಾಫ್ಟ್, ಯಂತ್ರ 24 ತಾಸಿಗೊಮ್ಮೆ ಇಂಟರ್‌ನೆಟ್‌ಗೆ ಹೋಗಿ ಪರಿಶೀಲನೆ ಮಾಡಿಸಿಕೊಳ್ಳಬೇಕು, ಆಡಿ ಮುಗಿಸಿದ ಡಿಸ್ಕ್ ಕೈ ಬದಲಾಗುವುದಕ್ಕೂ ಕಟ್ಟುಪಾಡು ಇರುತ್ತದೆ ಎಂದಿತು. ಕರೆಂಟು ಹೋದರೆ ನೆಟ್ಟೂ ಹೋಗುತ್ತಿದ್ದ, ಒಂದು ಡಿಸ್ಕ್ ನಾಲ್ಕಾರು ಮನೆ ಸುತ್ತುತ್ತಿದ್ದ ನಮ್ಮ ಊರಿನಲ್ಲಿ ಆ ಯಂತ್ರದ ಗತಿ ಏನಾಗುತ್ತಿತ್ತು ಎಂದು ಯೋಚಿಸಿ. ಸೋನಿ ಅದೇ ಜೂನ್‌ನಲ್ಲಿ ಗೆಳೆಯನೊಬ್ಬ ಇನ್ನೊಬ್ಬನಿಗೆ ಡಿಸ್ಕ್ ಕೈಗೆ ಕೊಡುವ ಪುಟ್ಟ ವಿಡಿಯೊ ಬಿಟ್ಟು, ತನ್ನ ಯಂತ್ರದ ಬೆಲೆ 100 ಡಾಲರ್ ಕಡಿಮೆ ಎಂದೂ ಸಾರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ನಿಯಮಗಳನ್ನು ಹಿಂತೆಗೆದುಕೊಂಡಿತು.

ಆಗ ಕಂಪನಿಯನ್ನು ಮಣಿಸಿದವರು ‘ಇದು ನಮಗೆ ಬೇಡ’ ಎಂದು ಕೂಗಿದ ಎಕ್ಸ್‌ಬಾಕ್ಸ್ ಗ್ರಾಹಕರೇ. ಏನೇ ಮಾಡಿದರೂ ನಮ್ಮ ಕಂಪನಿಯೇ ಸರಿ ಎಂದು ಸಮರ್ಥಿಸುತ್ತಿದ್ದವರ ಮಾತು ನಡೆದಿದ್ದರೆ ನಷ್ಟ ಅವರಿಗೇ ಆಗುತ್ತಿತ್ತು. ಶಹಾಪುರದ ಅಣ್ಣ ಬೀಗದ ಮಾತು ಹೇಳಿದರು, ಅದು ನಿಜ. ಆದರೆ ಬೀಗ ಇದೆ ಎಂದ ಮಾತ್ರಕ್ಕೆ ಅದನ್ನು ಹೊಗಳಬೇಕಾಗಿಲ್ಲ. ಯಂತ್ರ ಬದಲಿಸಲು ಆಗದವನು ಕನಿಷ್ಠ ಪಕ್ಷ ಮುಂದಿನ ಆಟ ಕೊಳ್ಳದೆ ಇರಬಹುದು. ಕಂಪನಿಗಳ ಗಳಿಕೆ ಇರುವುದೂ ಅಲ್ಲಿಯೇ. ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ತಮಗೆ ಎಂದೂ ಲಾಭವಾಗಿಲ್ಲ ಎಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೇ 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಿದ್ದಾರೆ.

ಅಕ್ಕೋರು (ಕಲಬುರಗಿ):

ಮೂವರಿಗೂ ಮನಃಪೂರ್ವಕ ವಂದನೆಗಳು. ಮಾರಿಯೊ–ಸಾನಿಕ್ ಪ್ರಸಂಗವನ್ನು ಎಂಟನೆಯ ತರಗತಿಯಲ್ಲಿ ಜಾಹೀರಾತಿನ ಪಾಠಕ್ಕೂ ಬಳಸಿಕೊಳ್ಳುತ್ತೇನೆ. ಒಂದು ಪ್ರಶ್ನೆ ಉಳಿದಿದೆ: ಇಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಕೂತು ಒಂದೇ ಆಟವನ್ನು ಜೊತೆಯಾಗಿ ಆಡಲು ಬರುತ್ತದೆಯೇ?

ಸ್ಟೇಷನ್ ಬಜಾರ್ (ಕಲಬುರಗಿ):

ಖಂಡಿತ ಬರುತ್ತದೆ, ಅಕ್ಕೋರೇ. ಸೋನಿ ಬಹುಕಾಲ ಇದಕ್ಕೆ ಒಪ್ಪಿರಲಿಲ್ಲ; ಫೋರ್ಟ್‌ನೈಟ್ ಆಡುವವರ ಒತ್ತಾಯ ಜೋರಾದ ಮೇಲೆ 2018ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಈಗ ಮೈಕ್ರೋಸಾಫ್ಟ್ ತನ್ನ ಸೀ ಆಫ್ ಥೀವ್ಸ್, ಫೋರ್ಜಾ ಹೊರೈಜನ್ 5 ಮುಂತಾದ ಆಟಗಳನ್ನು ಪ್ಲೇಸ್ಟೇಷನ್‌ಗೂ ಕೊಟ್ಟಿದೆ, ಸೋನಿ ಪ್ರಕಟಿಸಿದ ಹೆಲ್‌ಡೈವರ್ಸ್ 2 ಎಕ್ಸ್‌ಬಾಕ್ಸ್‌ಗೂ ಬಂದಿದೆ. ಆದರೆ ಹಣ ಕೊಟ್ಟು ಕೊಳ್ಳುವ ಆಟಗಳನ್ನು ಆನ್‌ಲೈನಿನಲ್ಲಿ ಆಡಲು ಸಾಮಾನ್ಯವಾಗಿ ಎರಡೂ ಕಡೆ ಚಂದಾ ಬೇಕಾಗುತ್ತದೆ. ಆದ್ದರಿಂದ ಮೊದಲು ರಾಕೆಟ್ ಲೀಗ್ ಹಾಕಿಸಿ. ಕಾರುಗಳಿಂದ ಫುಟ್‌ಬಾಲ್ ಆಡುವ ಆಟ, ಉಚಿತ, ಚಂದಾ ಬೇಡ. ಇಬ್ಬರಿಗೂ ಆ ಆಟ ನಡೆಸುವ ಎಪಿಕ್ ಕಂಪನಿಯಲ್ಲಿ ಖಾತೆ ತೆರೆದು, ಒಬ್ಬರನ್ನೊಬ್ಬರು ಸ್ನೇಹಿತರ ಪಟ್ಟಿಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಪ್ಲೇ (ಬೇರೆ ಬೇರೆ ಯಂತ್ರದವರು ಜೊತೆಯಾಗಿ ಆಡುವ ಸೌಲಭ್ಯ) ಆನ್ ಇದೆಯೇ ನೋಡಿ. ಇಬ್ಬರನ್ನೂ ಒಂದೇ ತಂಡದಲ್ಲಿ ಹಾಕಿ.