ಕೇಬಲ್ ಬಿಲ್‌ನಲ್ಲಿ ಚಾನೆಲ್‌ನವರ ಪಾಲು ಎಷ್ಟು? ಅದು ನ್ಯಾಯನಾ?

ತುಮಕೂರು ಹುಡುಗ:
ಅಮ್ಮ ನೋಡೋದು ಎರಡು ಸೀರಿಯಲ್ ಚಾನೆಲ್, ಜೊತೆಗೆ ಚಂದನ. ಬಿಲ್ ಮಾತ್ರ ತಿಂಗಳಿಗೆ ಮುನ್ನೂರರ ಮೇಲೆ. ಕೇಬಲ್‌ನವರನ್ನು ಕೇಳಿದರೆ "ನಮ್ದೇನಿಲ್ಲ ಸಾರ್, ಎಲ್ಲ ಚಾನೆಲ್‌ನವರಿಗೆ ಹೋಗುತ್ತೆ" ಅಂತಾರೆ. ಆ ಚಾನೆಲ್‌ನವರು ಸೀರಿಯಲ್ ಮಧ್ಯೆ ಸೋಪು, ಎಣ್ಣೆ, ಚಿನ್ನದಂಗಡಿ ಎಲ್ಲ ತೋರಿಸಿ ದುಡ್ಡು ಮಾಡಿಕೊಳ್ಳುತ್ತಾರೆ. ಮತ್ತೆ ನಮ್ಮಿಂದಲೂ ಯಾಕೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಲೈನ್ ಅಣ್ಣ:
ನಾನೂ ಕೇಬಲ್‌ನವನೇ. ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಲೈನ್ ನಡೆಸುತ್ತೇನೆ. "ಎಲ್ಲ ಚಾನೆಲ್‌ನವರಿಗೆ" ಅನ್ನೋದು ಪೂರ್ತಿ ನಿಜ ಅಲ್ಲ.

19 ರೂಪಾಯಿಯ ಒಂದು ಚಾನೆಲ್ ತಗೊಳ್ಳಿ. ಟಿವಿ, ಫೋನ್ ಸೇವೆಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌. 2019ರಲ್ಲಿ ಜಾರಿಗೆ ಬಂದ ಅದರ ನಿಯಮದಂತೆ ಚಾನೆಲ್‌ನವರು ಈ ಬೆಲೆಯಲ್ಲಿ ಕನಿಷ್ಠ 20% ಮನೆಗೆ ತಲುಪಿಸುವ ಕೇಬಲ್‌ನವರಿಗೆ ಬಿಡಬೇಕು. ಅಂದರೆ 3 ರೂಪಾಯಿ 80 ಪೈಸೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರಲ್ಲಿ 55 ಪಾಲು ನಮಗೆ ಸಿಗ್ನಲ್ ಕೊಡುವ ಎಂಎಸ್‌ಒ ಕಂಪನಿಗೆ, 45 ಪಾಲು ನನಗೆ. ನನ್ನ ಕೈಗೆ ಬರೋದು 1 ರೂಪಾಯಿ 71 ಪೈಸೆ. ಚಾನೆಲ್‌ಗೆ 15 ರೂಪಾಯಿ 20 ಪೈಸೆ. ಇದರ ಮೇಲೆ ನೀವು ಕಟ್ಟುವ 18% ಜಿಎಸ್‌ಟಿ 3 ರೂಪಾಯಿ 42 ಪೈಸೆ. ಮಳೆಯಲ್ಲಿ ಕಂಬ ಹತ್ತೋನು ನಾನು, ನನ್ನ ಎರಡರಷ್ಟು ಸರ್ಕಾರಕ್ಕೆ! ನಮ್ಮ ಹೊಟ್ಟೆ ತುಂಬೋದು ನೆಟ್‌ವರ್ಕ್ ಫೀಯಿಂದ, ಅಂದರೆ ಕನೆಕ್ಷನ್‌ಗೆ ಅಂತ ನೀವು ತಿಂಗಳಿಗೆ ಕಟ್ಟುವ ದುಡ್ಡಿನಿಂದ. ಅದಕ್ಕೆ ಇದ್ದ 130 ರೂಪಾಯಿ ಮಿತಿಯನ್ನು 2024ರಲ್ಲಿ ತೆಗೆದುಹಾಕಿದರು.

ಚಾನೆಲ್‌ಗೆ ದುಡ್ಡೇ ಕೊಡಬಾರದು ಅನ್ನೋನಲ್ಲ ನಾನು. ದಿನಾ ಒಂದು ಎಪಿಸೋಡ್ ಮಾಡೋದು ಅಂದ್ರೆ ಸುಮ್ನೆ ಅಲ್ಲ. ಆದರೆ ಬೇಕು ಅಂದ ಮನೆಯವರು ಕೊಡಲಿ. ನನ್ನ ತಕರಾರು ಪ್ಯಾಕ್ ಬಗ್ಗೆ, ಅಂದರೆ ಹಲವು ಚಾನೆಲ್ ಒಟ್ಟಿಗೆ ಕಟ್ಟಿ ಮಾರೋದರ ಬಗ್ಗೆ. 19ಕ್ಕಿಂತ ಜಾಸ್ತಿ ಬೆಲೆ ಇಟ್ಟರೆ ಆ ಚಾನೆಲ್ಲನ್ನು ಪ್ಯಾಕ್‌ಗೆ ಸೇರಿಸುವಂತಿಲ್ಲ. ಹಾಗಾಗಿ ಜನ ಮುಗಿಬಿದ್ದು ನೋಡುವ ಚಾನೆಲ್‌ಗಳು 19ಕ್ಕೇ ಬಂದು ಕೂರುತ್ತವೆ. ಬಿಡಿ ಬೆಲೆ ಕೂಡಿಸಿದರೆ ಎಷ್ಟಾಗುತ್ತೋ ಅದಕ್ಕಿಂತ 45% ತನಕ ಕಡಿಮೆಗೆ ಪ್ಯಾಕ್ ಕೊಡಬಹುದು. ಆಗ ನಿಮಗೆ ಏನನ್ನಿಸುತ್ತೆ? ಎರಡು ಚಾನೆಲ್ ಬದಲು ಪ್ಯಾಕೇ ಇರಲಿ ಬಿಡು ಅಂತ ಅಲ್ವಾ? ಯಾರೂ ನೋಡದ ಚಾನೆಲ್ಲೂ ಹೀಗೆ ಮನೆಮನೆ ಸೇರುತ್ತೆ. "ನಾವು ಇಷ್ಟು ಮನೆಯಲ್ಲಿದ್ದೇವೆ" ಅಂತ ಅದನ್ನೇ ಜಾಹೀರಾತಿನವರಿಗೆ ತೋರಿಸುತ್ತಾರೆ. ವಸೂಲಿಗೆ ಹೋಗಿ ಬೈಸಿಕೊಳ್ಳೋದು ಮಾತ್ರ ನಾನು.

ನ್ಯೂಸ್ ಡೆಸ್ಕ್:
ಅಣ್ಣಾ, ನಮ್ಮ ಕಷ್ಟ ಉಲ್ಟಾ. ನಾನಿರೋದು ಒಂದು ಸಣ್ಣ ಸುದ್ದಿ ಚಾನೆಲ್‌ನಲ್ಲಿ. ನಮ್ಮದು ಫ್ರೀ ಚಾನೆಲ್, ನೋಡುವವರಿಂದ ಒಂದು ಪೈಸೆಯೂ ಬರಲ್ಲ. ನಮ್ಮ ಚಾನೆಲ್ ಹಾಕೋದಕ್ಕೆ ನಾವೇ ಕೇಬಲ್ ಕಂಪನಿಗೆ ಕ್ಯಾರೇಜ್ ಫೀ ಕಟ್ಟಬೇಕು, ಒಂದೊಂದು ಬಾಕ್ಸ್‌ಗೆ ತಿಂಗಳಿಗೆ 20 ಪೈಸೆ ತನಕ. ಆ ಕಂಪನಿಯ ಗಿರಾಕಿಗಳಲ್ಲಿ 20% ಮನೆ ಮುಟ್ಟಿದರೆ ಈ ಫೀ ಇಲ್ಲ. ಹೊಸ ಚಾನೆಲ್ ಅಲ್ಲಿಗೆ ಮುಟ್ಟೋದು ಯಾವಾಗ? ಟಿವಿ ಆನ್ ಮಾಡಿದ ಕೂಡಲೇ ಒಂದು ಚಾನೆಲ್ ಬರುತ್ತಲ್ಲ, ಆ ಜಾಗಕ್ಕೆ ಬೇರೆ ರೇಟು. ದೊಡ್ಡವರಿಗೆ ಕೇಬಲ್‌ನವರು ಕೊಡಬೇಕು, ಸಣ್ಣವರು ಕೇಬಲ್‌ನವರಿಗೆ ಕೊಡಬೇಕು.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಬೇರೆ ತರ. 1992ರ ಕಾನೂನಿನ ಪ್ರಕಾರ ಊರಿನ ಟಿವಿ ಸ್ಟೇಷನ್ ಮೂರು ವರ್ಷಕ್ಕೊಮ್ಮೆ ಒಂದು ದಾರಿ ಆರಿಸಿಕೊಳ್ಳಬೇಕು. ಕೇಬಲ್‌ನವರು ಕಡ್ಡಾಯವಾಗಿ ಹಾಕಲೇಬೇಕು ಅಂದರೆ ದುಡ್ಡಿಲ್ಲ. ದುಡ್ಡು ಬೇಕಾದರೆ ಚೌಕಾಸಿ ಮಾಡಬೇಕು, ಮಾತು ಮುರಿದರೆ ಚಾನೆಲ್ ಮಾಯ. ಫುಟ್‌ಬಾಲ್ ಸೀಸನ್ ಹೊತ್ತಿಗೆ ಈ ಜಗಳ ನೋಡಬೇಕು! ತಮಾಷೆ ಅಂದ್ರೆ ಅದೇ ಚಾನೆಲ್ ಆಂಟೆನಾ ಹಾಕಿದರೆ ಪುಕ್ಕಟೆ.

ಲೈನ್ ಅಣ್ಣ:
ಆ ಜಗಳ ನಮ್ಮಲ್ಲೂ ಆಯ್ತು. 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಮೂರು ದೊಡ್ಡ ಚಾನೆಲ್ ಬಳಗಗಳು ಸಿಗ್ನಲ್ ನಿಲ್ಲಿಸಿದವು. ಫೋನ್ ಎತ್ತಿ ಎತ್ತಿ ಸಾಕಾಯ್ತು. ಒಬ್ಬ ಅಜ್ಜಿ ಬಾಕ್ಸ್, ರಿಮೋಟ್ ಎರಡನ್ನೂ ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ದರದ ಜಗಳ ಅವರವರಲ್ಲಿ ಇರಲಿ, ಅದು ಮುಗಿಯೋ ತನಕ ಹಳೇ ದರಕ್ಕೇ ಚಾನೆಲ್ ಓಡಲಿ ಅಂತ ನಿಯಮ ಬರಬೇಕು. ಡಿಶ್ ಹಾಕಿಸಿಕೊಂಡು ಹೋದ ಗಿರಾಕಿ ವಾಪಸ್ ಬರಲ್ಲ ಸ್ವಾಮಿ.

ತುಮಕೂರು ಹುಡುಗ:
ಹಾಗಾದರೆ ಅಮ್ಮನಿಗೆ ಈಗ ಏನು ಮಾಡಲಿ?

ಲೈನ್ ಅಣ್ಣ:
ಪ್ಯಾಕ್ ತೆಗೆಸಿ, ಆ ಎರಡು ಚಾನೆಲ್ ಬಿಡಿಯಾಗಿ ಹಾಕಿಸಿ. ಎರಡಕ್ಕೂ 19 ಅಂದರೂ ಜಿಎಸ್‌ಟಿ ಸೇರಿ 44 ರೂಪಾಯಿ 84 ಪೈಸೆ, ಮೇಲೆ ನೆಟ್‌ವರ್ಕ್ ಫೀ. ಚಂದನಕ್ಕೆ ಬೇರೆ ದುಡ್ಡಿಲ್ಲ. ಬಿಡಿ ಕೊಡಲ್ಲ ಅಂದರೆ ಎಂಎಸ್‌ಒ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅದಕ್ಕೆ ಮುಂಚೆ ಅಮ್ಮನನ್ನು ಕೇಳಿ. ನಮ್ಮ ಕಡೆ ಬಿಡಿ ಮಾಡಿಸಿಕೊಂಡವರು ಹಬ್ಬದ ಸಿನಿಮಾ ಬೇರೆ ಚಾನೆಲ್‌ನಲ್ಲಿ ಬಂತು ಅಂದಕೂಡಲೇ ಮತ್ತೆ ಪ್ಯಾಕ್ ಹಾಕಿ ಅಂತ ಫೋನ್ ಮಾಡುತ್ತಾರೆ.