ಮೂರು ಕೇಂದ್ರಗಳ ಇಎಸ್‌ಎಎಸ್-ಆರ್ ಅಂಕ ತಾಳೆಯಾಗುತ್ತಿಲ್ಲ, ಒಟ್ಟುಗೂಡಿಸಬಹುದೇ?

ದತ್ತಾಂಶ_ಮೇಜು:
ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುವವರ ತೊಂದರೆಗಳನ್ನು ಮೂರು ಕೇಂದ್ರಗಳಲ್ಲಿ ಇಎಸ್‌ಎಎಸ್-ಆರ್ ಎಂಬ ಹಾಳೆಯ ಕನ್ನಡ ರೂಪದಲ್ಲಿ (ನೋವು, ಸುಸ್ತಿನಂಥ ಒಂಬತ್ತು ಅಂಶಗಳಿಗೆ 0–10ರ ಅಂಕ) ಅಳೆಯಲಾಗುತ್ತಿದೆ. ನೋವಿನ ಅಂಕ ಹೆಚ್ಚುಕಮ್ಮಿ ಒಂದೇ. ಆದರೆ ಒಂದು ಕಡೆ ಸುಸ್ತು, ಮಂಪರು ಎರಡಕ್ಕೂ ಸದಾ ಒಂದೇ ಅಂಕ. ಇನ್ನೊಂದು ಕಡೆ ನೋವು 8 ಎಂದವರೂ 'ಒಟ್ಟಾರೆ ಹೇಗಿದ್ದೀರಿ' ಎಂಬುದಕ್ಕೆ 1–2 ಕೊಟ್ಟಿದ್ದಾರೆ.

ವಾರ್ಡ್_ಸಿಸ್ಟರ್:
ಎರಡನೆಯದು ಅಳತೆ ತಿರುಗಾಮುರುಗಾ ಆಗಿರುವುದು. ಇಲ್ಲಿ 10 ಅಂದರೆ ಅತಿ ಕೆಟ್ಟದ್ದು. ಪರೀಕ್ಷೆಯ ಅಂಕ ರೂಢಿಯಾದವರಿಗೆ 10 ಅಂದರೆ ಪೂರ್ತಿ ಚೆನ್ನ. 'ಸೊನ್ನೆ ಅಂದ್ರೆ ಆರಾಮ, ಹತ್ತು ಅಂದ್ರೆ ತೀರಾ ಕೆಟ್ಟದು' ಎಂದು ಪ್ರತಿ ಸಲವೂ ಓದಿ ಹೇಳಬೇಕು. ಹಳೆಯ ಅಂಕಗಳನ್ನು ಊಹೆಯ ಮೇಲೆ ತಿರುಗಿಸಬೇಡಿ, ಆ ಅಂಶಕ್ಕೆ ಗುರುತು ಹಾಕಿ ಪಕ್ಕಕ್ಕಿಡಿ.

ಸುಸ್ತಿಗೆ 'ಮೈಯಲ್ಲಿ ತ್ರಾಣ ಇಲ್ಲದಿರುವುದು', ಮಂಪರಿಗೆ 'ಕೂತಲ್ಲೇ ಕಣ್ಣು ಎಳೆಯುವುದು' ಎಂಬ ವಿವರಣೆ ಹಾಳೆಯಲ್ಲೇ ಇರಲಿ. ಮಾರ್ಫಿನ್ ಶುರು ಮಾಡಿದಾಗ, ಡೋಸ್ ಏರಿಸಿದಾಗ ಬರುವ ಮಂಪರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಎರಡೂ ಬೆರೆತರೆ ಔಷಧದ ಅಡ್ಡಪರಿಣಾಮ ಕಾಯಿಲೆಯ ಸುಸ್ತಿನ ಲೆಕ್ಕಕ್ಕೆ ಹೋಗುತ್ತದೆ. ಹಾಳೆಯಲ್ಲಿನ 'ಬೇಸರ'ವೂ ಹೀಗೇ: ಹೊತ್ತು ಹೋಗದಿದ್ದರೂ ಬೇಸರ, ಮನಸ್ಸು ಕುಗ್ಗಿದರೂ ಬೇಸರ.

ಔಷಧ_ಲೆಕ್ಕ:
ನೋವು ತಾಳೆಯಾಗಿದೆ ಎಂದು ನೆಮ್ಮದಿಯಿಂದ ಕೂರಬೇಡಿ. ಹಾಳೆ ಕೇಳುವುದು 'ಈಗ' ಹೇಗಿದೆ ಎಂದು. ಮಾತ್ರೆ ನುಂಗಿ ಒಂದು ಗಂಟೆಗೆ ಕೇಳಿದ ಅಂಕ ಬೇರೆ, ನಾಲ್ಕು ಗಂಟೆ ಕಳೆದು ಮುಂದಿನ ಡೋಸ್‌ಗೆ ಕಾಯುವಾಗಿನದು ಬೇರೆ. ಕೊನೆಯ ಡೋಸ್‌ನ ಸಮಯ ಬರೆಸಿ. 24 ಗಂಟೆಯ ಒಟ್ಟು ಮಾರ್ಫಿನ್‌ನಲ್ಲಿ ನಡುವೆ ಕೊಟ್ಟ ಹೆಚ್ಚುವರಿ ಡೋಸ್ ಸೇರಬೇಕು: 10 ಮಿ.ಗ್ರಾಂ. ಆರು ಸಲ, ಮೇಲೆ ಎರಡು ಸಲ, ಒಟ್ಟು 80; ಅದನ್ನು 60 ಎಂದು ಬರೆಯುವುದೇ ಸಾಮಾನ್ಯ ತಪ್ಪು.

ಮಾರ್ಫಿನ್‌ನಿಂದ ಬರುವ ಮಲಬದ್ಧತೆ ಆ ಒಂಬತ್ತು ಅಂಶಗಳಲ್ಲಿಲ್ಲ! ಖಾಲಿ ಬಿಟ್ಟ ಹತ್ತನೆಯ ಸಾಲನ್ನು ಮೂರೂ ಕಡೆ ಅದಕ್ಕೇ ಮೀಸಲಿಡಿ. ಅಂಕ ಹೇಳಿದ್ದು ರೋಗಿಯೋ ಮನೆಯವರೋ ಎಂಬ ಕಾಲಂ ಕೂಡ ಬೇಕು.

ದತ್ತಾಂಶ_ಮೇಜು:
ಅಧ್ಯಯನದ ನಡುವೆ ಹಾಳೆ ಬದಲಿಸಬಹುದೇ ಸರ್?

ಔಷಧ_ಲೆಕ್ಕ:
ನೈತಿಕ ಸಮಿತಿಗಳ ಒಪ್ಪಿಗೆ ಪಡೆದು ಬದಲಿಸಬಹುದು. ಹಾಳೆಯ ಮೂಲೆಯಲ್ಲಿ ಆವೃತ್ತಿ ಸಂಖ್ಯೆ ಹಾಕಿ, ಮೂರೂ ಕಡೆ ಒಂದೇ ದಿನ ಶುರು ಮಾಡಿ, ಹಳೆಯ–ಹೊಸ ಆವೃತ್ತಿಗಳನ್ನು ಬೇರೆ ಬೇರೆ ವಿಶ್ಲೇಷಿಸಿ. ಅದಕ್ಕೂ ಮೊದಲು ಪ್ರತಿ ಕೇಂದ್ರದಲ್ಲಿ ಐದಾರು ರೋಗಿಗಳನ್ನು 'ಈ ಅಂಕ ಯಾಕೆ ಕೊಟ್ಟಿರಿ?' ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.