ನಾಲ್ಕು ಸಣ್ಣ ಸಂಘ ಸೇರಿ ಒಂದೇ ಅರ್ಜಿ ಹಾಕೋದು ಹೇಗೆ?

ಹಾರ್ಮೋನಿಯಂ ಮಾಸ್ತರ, ಯಲಬುರ್ಗಾ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಊರಿನ ದೊಡ್ಡಾಟದ ಸಂಘ. ನಾನು ಹಾರ್ಮೋನಿಯಂ ನುಡಿಸುತ್ತೇನೆ, ಲೆಕ್ಕದ ಪುಸ್ತಕವೂ ನನ್ನ ಹತ್ತಿರವೇ ಇದೆ.

ಹೋದ ವರ್ಷ ಒಂದು ಕಾರ್ಖಾನೆಯವರಿಗೆ, ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಸಹಾಯ ಕೇಳಿ ಅರ್ಜಿ ಕೊಟ್ಟೆವು. ಅದೇ ವಾರ ಪಕ್ಕದೂರಿನ ಭಜನಾ ಸಂಘ, ಒಂದು ತೊಗಲುಗೊಂಬೆ ಮೇಳ, ಒಂದು ಮಕ್ಕಳ ನಾಟಕ ತಂಡ ಕೂಡ ಅದೇ ಮೇಜಿಗೆ ಅರ್ಜಿ ಕೊಟ್ಟಿದ್ದರಂತೆ. ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಅಲ್ಲಿದ್ದವರು ನಾಲ್ಕೂ ಅರ್ಜಿ ಪಕ್ಕಪಕ್ಕ ಇಟ್ಟು, "ಮೊದಲು ನೀವು ನೀವು ಮಾತಾಡಿಕೊಂಡು ಬನ್ನಿ" ಅಂದರು. ಯಾರಿಗೂ ಏನೂ ಸಿಗಲಿಲ್ಲ.

ಬೇಜಾರಾಯಿತು. ಆದರೆ ಆ ಮಾತು ಸುಳ್ಳಲ್ಲ ಅಂತ ಈಗ ಅನ್ನಿಸುತ್ತಿದೆ. ಒಂದು ರಾತ್ರಿಯ ಆಟಕ್ಕೆ ಸ್ಟೇಜು, ಮೈಕ್ ಸೆಟ್, ಜನರೇಟರ್, ವೇಷದ ಬಾಡಿಗೆ, ಊಟ, ಎಲ್ಲಾ ಆಗಬೇಕು. ಒಂದು ಒಳ್ಳೆ ಮೈಕ್ ಸೆಟ್ ಇದ್ದರೆ ನಾಲ್ಕೂ ಸಂಘಕ್ಕೆ ಸಾಕು, ಅಲ್ವಾ? ವೇಷದ ಕಥೆ ಬೇರೆ. ನಮ್ಮ ಕಿರೀಟದ ಕನ್ನಡಿ ಚೂರು ಅರ್ಧ ಉದುರಿವೆ. ಭುಜಕೀರ್ತಿಯ ಕಟ್ಟಿಗೆ ಬಿರುಕು ಬಿಟ್ಟಿದೆ, ತಂತಿ ಸುತ್ತಿ ನಿಲ್ಲಿಸಿದ್ದೇವೆ. ಹಿಂದಿನ ಆಟದಲ್ಲಿ ಆ ತಂತಿ ಪಾತ್ರಧಾರಿಯ ಕುತ್ತಿಗೆ ಕೊಯ್ದಿತ್ತು. ಆತ ಬೆಳಗಿನ ತನಕ ಬಾಯಿ ಬಿಡಲಿಲ್ಲ. ಮಂಗಳಾರತಿ ಆಗಿ ವೇಷ ಬಿಚ್ಚಿದಾಗ ಕೊರಳಪಟ್ಟಿಯಲ್ಲಿ ರಕ್ತ ಒಣಗಿತ್ತು. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ಕೇಳಬೇಕಾದದ್ದು ಇಷ್ಟು. ಒಕ್ಕೂಟ ಅಂತ ಹೊಸದಾಗಿ ನೋಂದಣಿ ಮಾಡಿಸಬೇಕಾ? ರೊಕ್ಕ ಯಾರ ಖಾತೆಗೆ ಬರಬೇಕು? ಹಿರಿಯ ಕಲಾವಿದರ ಮಾಸಾಶನ, ರಂಗಮಂದಿರದ ಬಾಡಿಗೆ, ಇಂಥವನ್ನೂ ಕೂಡಿಯೇ ಕೇಳಬಹುದಾ?

ಬೆಳಕಿನವ, ಬಳ್ಳಾರಿ

ಮಾಸ್ತರೇ, ಹೊಸ ಒಕ್ಕೂಟದ ನೋಂದಣಿಗೆ ಈಗಲೇ ಓಡಬೇಡಿ. ಏಳು ಜನ ಸೇರಿದರೆ ಸಂಘ ನೋಂದಣಿ ಆಗುತ್ತದೆ, ಅದು ಕಷ್ಟವಲ್ಲ. ತೊಡಕು ಬೇರೆ ಕಡೆ ಇದೆ. ಕಂಪನಿಯ ಸಿಎಸ್‌ಆರ್ ಕೆಲಸ ವಹಿಸಿಕೊಳ್ಳುವ ನಮ್ಮಂಥ ಸಂಘಕ್ಕೆ ಆದಾಯ ತೆರಿಗೆಯ 12ಎ (ಸಂಘದ ಆದಾಯಕ್ಕೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ರಿಯಾಯಿತಿ) ನೋಂದಣಿ ಇರಬೇಕು. ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ತುಂಬಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಿಂದ ನಂಬರ್ ಪಡೆಯುವುದೂ ಕಡ್ಡಾಯ. ಹೊಸದಾಗಿ ಹುಟ್ಟಿದ ಒಕ್ಕೂಟ ಮೂರು ವರ್ಷದ ಕೆಲಸ ಎಲ್ಲಿಂದ ತೋರಿಸಬೇಕು?

ನಾಲ್ವರಲ್ಲಿ ಯಾರ ಕಾಗದ ಪತ್ರ ಸರಿಯಾಗಿವೆ ನೋಡಿ. ಅವರ ಹೆಸರಲ್ಲಿ ಅರ್ಜಿ ಹೋಗಲಿ, ಉಳಿದ ಮೂವರು ಜೊತೆಗಾರರು ಅಂತ ಅದರಲ್ಲೇ ಬರೆಯಿರಿ. ಆದರೆ ಒಪ್ಪಂದ ಮಾತ್ರ ಬಾಯಿಮಾತಲ್ಲಿ ಬೇಡ. ನಾವು ಮೂರು ತಂಡ ಸೇರಿ ಒಂದು ನಾಟಕೋತ್ಸವ ಮಾಡಿದ್ದೆವು. ಪ್ರಾಯೋಜಕರ ಹಣ ಒಂದು ತಂಡದ ಖಾತೆಗೆ ಬಂತು. ಲೈಟಿನ ಬಾಡಿಗೆ ಯಾರ ಪಾಲು ಅನ್ನೋದನ್ನ ಯಾರೂ ಬರೆದಿಟ್ಟಿರಲಿಲ್ಲ. ಇಪ್ಪತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಎರಡು ವರ್ಷ ಮಾತು ಬಿಟ್ಟೆವು. ಒಂದೇ ಹಾಳೆ ಸಾಕು: ಯಾರಿಗೆ ಎಷ್ಟು, ಯಾವಾಗ, ಕೊಂಡ ಸಾಮಾನು ಯಾರ ಮನೆಯಲ್ಲಿರಬೇಕು, ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು. ಹಣ ಬರೋ ಮೊದಲೇ ಸಹಿ ಆಗಲಿ. ಮೈಕ್ ಸೆಟ್ ವಿಷಯದಲ್ಲಿ ಕೊನೆಯ ಎರಡು ಜಾಸ್ತಿ ಮುಖ್ಯ.

ಲೆಕ್ಕ ನೋಡೋಳು, ರಾಯಚೂರು

ಮೇಲಿನ ಉತ್ತರ ಸರಿ ಇದೆ, ಒಂದು ಮಾತು ಸೇರಿಸುತ್ತೇನೆ. ಮುಂದೆ ನಿಲ್ಲುವ ಸಂಘ ಪ್ರತಿ ವರ್ಷ ಆಡಿಟ್ ಲೆಕ್ಕವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ಸಂಘಗಳ ನೋಂದಣಾಧಿಕಾರಿಗೆ ಕೊಟ್ಟಿದೆಯಾ ಅಂತ ಮೊದಲೇ ಕೇಳಿ. ಎಷ್ಟೋ ಸಂಘ ನೋಂದಣಿ ಮಾಡಿಸಿದ ವರ್ಷ ಬಿಟ್ಟರೆ ಆ ಕಡೆ ತಲೆ ಹಾಕಿರುವುದಿಲ್ಲ. ಈ ಕೆಲಸದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ, ಇಬ್ಬರ ಸಹಿ ಇರಲಿ.

ಕಂಪನಿಗೆ ಬರೆಯುವಾಗ "ದಯವಿಟ್ಟು ಸಹಾಯ ಮಾಡಿ" ಅಂತ ಸುಮ್ನೆ ಬರೆಯಬೇಡಿ. ಇಂಥ ಹಣ ಯಾವ ಕೆಲಸಕ್ಕೆ ಕೊಡಬಹುದು ಅನ್ನೋ ಪಟ್ಟಿ, ಅಂದರೆ ಕಂಪನಿ ಕಾಯ್ದೆ 2013ರ 7ನೇ ಷೆಡ್ಯೂಲ್‌ನಲ್ಲಿ ಸಾಂಪ್ರದಾಯಿಕ ಕಲೆ, ಕರಕುಶಲ ಕಲೆಗಳ ಬೆಳವಣಿಗೆ ಅಂತಲೇ ಇದೆ. ಅದನ್ನು ಅರ್ಜಿಯಲ್ಲಿ ಹೆಸರಿಸಿ. ಅವರಿಗೂ ಮೇಲಿನವರ ಮುಂದೆ ಕಡತ ಇಡೋದು ಸುಲಭವಾಗುತ್ತದೆ.

ಕಿನ್ನಾಳದ ಸೊಸೆ

ಅಣ್ಣಾ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡಿ ಅಂತ ನನ್ನ ಮಾತು. ಮಾಸಾಶನಕ್ಕೆ, ಬಾಡಿಗೆ ರಿಯಾಯಿತಿಗೆ ಕೂಡಿ ಕೇಳಲು ರೊಕ್ಕ ಬೇಡ, ಜಗಳವೂ ಹುಟ್ಟೋದಿಲ್ಲ. ಒಟ್ಟಿಗೆ ನಾಲ್ಕು ಸಲ ಕಚೇರಿ ಮೆಟ್ಟಿಲು ಹತ್ತಿದ ಮೇಲೆ ಯಾರನ್ನು ನಂಬಬಹುದು ಅನ್ನೋದು ನಿಮಗೇ ತಿಳಿಯುತ್ತದೆ.

ದೊಡ್ಡಾಟ, ತೊಗಲುಗೊಂಬೆ ಎರಡೂ ಬಾಗಲಕೋಟೆಯ ಬಯಲಾಟ ಅಕಾಡೆಮಿಗೆ ಬರುತ್ತವೆ. ನಾಟಕಕ್ಕೆ ಬೇರೆ ಅಕಾಡೆಮಿ. ಜಿಲ್ಲೆಯಲ್ಲಿ ಎಲ್ಲರಿಗೂ ಒಂದೇ ಬಾಗಿಲು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರದು. ನಾಲ್ಕೂ ಸಂಘದ ಲೆಟರ್‌ಹೆಡ್ ಇಟ್ಟು ಒಂದೇ ಮನವಿ ಕೊಡಿ.

2025ರಲ್ಲಿ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ನಮ್ಮದೇ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯ ಅಜ್ಜಿ. ಈಗ ಈ ಕಲೆ ಏನು ಅಂತ ಯಾರಿಗೂ ಮೊದಲಿಂದ ಬಿಡಿಸಿ ಹೇಳಬೇಕಿಲ್ಲ. ಆದರೆ ಮಾಸಾಶನ ಕೇಳುವ ಹಿರಿಯರ ಹತ್ತಿರ ದಾಖಲೆ ಇರೋದಿಲ್ಲ. ನಮ್ಮ ಓಣಿಯ ಒಬ್ಬ ಸೋಬಾನೆ ಹಾಡುವ ಅವ್ವ ಟ್ರಂಕಿನ ತಳದಿಂದ ಒಂದೇ ಒಂದು ಜಾತ್ರೆಯ ಕರಪತ್ರ ತೆಗೆದು ಕೊಟ್ಟಳು. ಅದರಲ್ಲಿ ಅವಳ ಹೆಸರಿಲ್ಲ, "ಮತ್ತು ಸಂಗಡಿಗರು" ಅಂತಿತ್ತು. ನಾಲ್ಕೂ ಸಂಘದವರು ಮನೆಮನೆಗೆ ಹೋಗಿ ಹಳೆ ಫೋಟೊ, ಕರಪತ್ರ, ಪ್ರಮಾಣಪತ್ರ ಕೂಡಿಸಿ. ಸಂಗಡಿಗರ ಹೆಸರುಗಳನ್ನೂ ಬರೆಸಿಕೊಳ್ಳಿ.

ಹಾರ್ಮೋನಿಯಂ ಮಾಸ್ತರ, ಯಲಬುರ್ಗಾ ಕಡೆ

ಮೂವರಿಗೂ ಶರಣು. ಇವತ್ತು ವಿಚಾರಿಸಿದೆ. 12ಎ ಮತ್ತು 80ಜಿ ಇರೋದು ಮಕ್ಕಳ ನಾಟಕ ತಂಡಕ್ಕೆ ಮಾತ್ರ, ನಮಗೆ ಇಲ್ಲ. ಅವರು ವಯಸ್ಸಲ್ಲಿ ಚಿಕ್ಕವರು. ಅವರ ಹಿಂದೆ ನಿಲ್ಲೋದಕ್ಕೆ ನಮ್ಮ ಹಿರಿಯರು ಒಪ್ಪುತ್ತಾರಾ ಅಂತ ಅಳುಕು ಇತ್ತು. ಕುತ್ತಿಗೆ ಕೊಯ್ದುಕೊಂಡ ಪಾತ್ರಧಾರಿಯೇ ಮೊದಲು ಹೂಂ ಅಂದ.

ಅಮಾವಾಸ್ಯೆ ದಿನ ಬಿಡುವಿರುತ್ತದೆ. ನಾಲ್ಕೂ ಸಂಘದವರು ನಮ್ಮ ಗುಡಿಯ ಕಟ್ಟೆಗೆ ಬರುತ್ತಾರೆ. ಒಂದು ಹಾಳೆ ಒಪ್ಪಂದ ಬರೆದಿದ್ದೇನೆ, "ಕೆಟ್ಟರೆ ರಿಪೇರಿ" ಅನ್ನೋ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ, ಅದನ್ನು ಎಲ್ಲರೂ ಕೂತು ತುಂಬಲಿ. ನಮ್ಮ ತಾಳದ ಅಜ್ಜನ ಹಳೆ ಫೋಟೊ ಒಂದು ಸಿಕ್ಕಿದೆ. ಹಿಂದೆ ನಿಂತ ಐದು ಜನರಲ್ಲಿ ಮೂವರ ಗುರುತು ಹತ್ತಿತು, ಇನ್ನಿಬ್ಬರದು ಅಜ್ಜನನ್ನೇ ಕೇಳಬೇಕು.